ಒಂದು ಗಾಲಿ ಹೆಚ್ಚು ಸುತ್ತಿದಾಗ

ಕಾರು ಕಲಿಯಲು ಬಂದವರೆಲ್ಲ ಅವಳನ್ನು ಹಾಫ್‌ಕ್ಲಚ್ ಅಕ್ಕ ಎಂದೇ ಕರೆಯುತ್ತಿದ್ದರು. ಮೊದಲ ದಿನ ಸ್ಟೇರಿಂಗ್ ಹಿಡಿದು ಬೆವರುವವರಿಗೆ ಅವಳು ಹೇಳುತ್ತಿದ್ದ ಮಾತೇ ಅದಕ್ಕೆ ಕಾರಣ: "ಕ್ಲಚ್ಚನ್ನ ಪೂರ್ತಿ ಒತ್ತಬೇಡಿ, ಪೂರ್ತಿ ಬಿಡಲೂಬೇಡಿ. ಮುನಿಸಿಕೊಂಡ ಗಂಡನ ಹತ್ರ ಮಾತಾಡ್ತೀವಲ್ಲ, ಹಾಗೆ." ಕಲಿಯುವವರು ನಕ್ಕುಬಿಡುತ್ತಿದ್ದರು, ನಕ್ಕಾಗ ಕಾಲು ಸಡಿಲವಾಗುತ್ತಿತ್ತು, ಕಾರು ಮೆಲ್ಲಗೆ ಹೊರಡುತ್ತಿತ್ತು. ಕೂಗಾಡುವ ಪೈಕಿಯವಳಲ್ಲ ಅವಳು. ಕಲಿಸುವವರ ಕಡೆಗೂ ಒಂದು ಬ್ರೇಕು ಇರುವ ಆ ಬಿಳಿ ಕಾರಿನಲ್ಲಿ ಕೂತು, ಎಂಥ ಪುಕ್ಕಲರನ್ನೂ ಊರೆಲ್ಲ ಸುತ್ತಿಸಿ ತರುತ್ತಿದ್ದಳು.

ಅವಳಿಗೆ ಈ ವಿದ್ಯೆ ಕಲಿಸಿದ್ದು ಭಾವ, ಗಂಡನ ಅಣ್ಣ. ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಿದ್ದ ಗಂಡ ಎದೆನೋವೆಂದು ಆಸ್ಪತ್ರೆಗೆ ಹೋದವನು ಮರಳಿ ಬರಲಿಲ್ಲ. ವ್ಯಾನು ಮನೆಮುಂದೆ ನಿಂತು ತರಗೆಲೆ ಹೊದ್ದುಕೊಂಡಿತು. ನೆಂಟರು ಬಂದು ಕೂತು ವ್ಯಾನು ಮಾರುವ ಮಾತಾಡಿ ಎದ್ದುಹೋದ ಮೇಲೆ, ಟೈರ್ ಅಂಗಡಿಯ ಮಸಿ ಹತ್ತಿದ ಅಂಗಿಯಲ್ಲೇ ಭಾವ ಬಂದ. ಮೂರು ಮಾತಿಗೆ ಒಂದು ಮಾತಾಡುವ ಮನುಷ್ಯ. ಬೀಗದ ಕೈ ಅವಳ ಅಂಗೈಯಲ್ಲಿಟ್ಟು "ನಡಿ" ಎಂದ, ಅಷ್ಟೇ. ಮುಚ್ಚಿದ ಗೋದಾಮಿನ ಅಂಗಳದಲ್ಲಿ ಅವಳು ವ್ಯಾನನ್ನು ಹಿಂದಕ್ಕೆ ಬಿಡುವಾಗ ಗೇಟಿನ ಕಂಬವನ್ನೇ ಕೆಡವಿದಳು. ಬೈಗುಳಕ್ಕೆ ಕಾದು ತಲೆತಗ್ಗಿಸಿ ಕೂತರೆ, ಭಾವ ಕಿಟಕಿಯಿಂದ ಇಣುಕಿ, "ಆ ಕಂಬ ಮೊದ್ಲಿಂದಾನೂ ಅಡ್ಡಾನೇ ಇತ್ತು" ಎಂದ. ಅವಳು ಗಂಡ ಸತ್ತ ಮೇಲೆ ಮೊದಲ ಸಲ ನಕ್ಕದ್ದು ಅಂದು.

ಅಂಥ ಭಾವನ ಅಂಗಡಿಯಲ್ಲೇ ಅವಳು ಕಾರಿನ ನಾಲ್ಕೂ ಟೈರು ಹೊಸದಾಗಿ ಹಾಕಿಸಿಕೊಂಡದ್ದು. ಬೇರೆ ಕಡೆ ಹೋಗುವ ಮಾತೇ ಇರಲಿಲ್ಲ. ಭಾವ ಒಬ್ಬನೇ ಜ್ಯಾಕ್ ಏರಿಸಿ, ಹಳೆಯದನ್ನು ಕಿತ್ತು, ಹೊಸದನ್ನು ಕೂರಿಸಿ, ಗಾಳಿ ತುಂಬಿ, ಗಾಲಿಯನ್ನು ಅಂಗೈಯಿಂದ ತಟ್ಟಿ ಕಳಿಸಿದ.

ಮಾರನೆಯ ದಿನ ಪಾಠಕ್ಕೆ ಬಂದವಳು ಒಬ್ಬ ದರ್ಜಿ ಹೆಂಗಸು. ಹೊಲಿಗೆ ಯಂತ್ರ ತುಳಿದು ಅಭ್ಯಾಸವಾದ್ದರಿಂದಲೋ ಏನೋ ಪೆಡಲ್ ಮೇಲೆ ಅವಳ ಹಿಡಿತ ಚೆನ್ನಾಗಿತ್ತು. ನೀರಿನ ಟ್ಯಾಂಕಿನ ಪಕ್ಕದ ಏರಿನಲ್ಲಿ ಕಾರು ಇದ್ದಕ್ಕಿದ್ದಂತೆ ಬಸವಳಿಯಿತು. ಎಷ್ಟು ಒತ್ತಿದರೂ ಎಂಜಿನ್ ಗುಟುರು ಹಾಕುತ್ತದೆಯೇ ಹೊರತು ಕಾರು ಮೇಲೇಳದು. ಎದುರಿನ ಫಲಕದಲ್ಲಿ ಜಾರುವ ಕಾರಿನ ಹಳದಿ ಚಿತ್ರ ಪಿಳಿಪಿಳಿ ಎಂದು, ಕೊನೆಗೆ ಹಾಗೇ ಉರಿಯುತ್ತ ನಿಂತಿತು.

"ಅಯ್ಯೋ ಅಕ್ಕಾ, ನಾನೇನು ಮಾಡ್ದೆ?" ದರ್ಜಿ ಕೇಳಿದಳು.

"ನೀವೇನೂ ಮಾಡಿಲ್ಲ. ಪಕ್ಕಕ್ಕೆ ನಿಲ್ಸಿ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ಹಾಗಾಗಬಾರ್ದು ನೋಡಿ. ನಂದೇ ತಪ್ಪಿದ್ರೆ ಹೇಳ್ಬಿಡಿ."

"ಈ ಸಲ ನೆಲಾನೇ ಡೊಂಕು ಕಣ್ರೀ," ಎಂದು ಹಾಫ್‌ಕ್ಲಚ್ ಅಕ್ಕ ಅವಳ ಭುಜ ತಟ್ಟಿದಳು.

ಆ ದೀಪ ಏನೆಂದು ಅವಳಿಗೆ ಗೊತ್ತಿತ್ತು. ಟ್ರ್ಯಾಕ್ಷನ್ ಕಂಟ್ರೋಲ್. ಒದ್ದೆ ನೆಲದಲ್ಲೋ ಮರಳಿನಲ್ಲೋ ಒಂದು ಗಾಲಿ ಹಿಡಿತ ತಪ್ಪಿ ಸುಮ್ಮನೆ ಸುತ್ತತೊಡಗಿದರೆ, ಕಾರು ತಾನಾಗಿಯೇ ಆ ಗಾಲಿಗೆ ಬ್ರೇಕ್ ಹಾಕಿ ಎಂಜಿನ್ನಿನ ಜೋರು ತಗ್ಗಿಸುತ್ತದೆ. ಆದರೆ ಇಂದು ರಸ್ತೆ ಒಣಗಿ ಬೆಂಡಾಗಿತ್ತು. ಜಾರುವ ಮಾತೆಲ್ಲಿ? ಗುಂಡಿ ಒತ್ತಿ ಅದನ್ನು ಆರಿಸಿ ಪಾಠ ಮುಂದುವರಿಸಬಹುದಿತ್ತು. ಕಲಿಯುವವರ ಕೈಗೆ ಕಾವಲಿಲ್ಲದ ಕಾರು ಕೊಡಲು ಅವಳಿಗೆ ಮನಸ್ಸು ಬರಲಿಲ್ಲ. ವಾರದ ಪಾಠಗಳನ್ನೆಲ್ಲ ಮುಂದಕ್ಕೆ ಹಾಕಿದಳು.

ಮನೆಯ ಮುಂದೆ ಕಾರು ನಿಲ್ಲಿಸಿ ತನಗೆ ತಿಳಿದಷ್ಟು ನೋಡಿದಳು. ಹೊಸ ಟೈರಿಗೆ ಗಾಳಿ ಹೆಚ್ಚುಕಮ್ಮಿಯಾದರೂ ಹೀಗಾಗುತ್ತದೆಂದು ಅಳೆದಳು, ನಾಲ್ಕೂ ಒಂದೇ ಸಮ. ಪ್ರತಿ ಗಾಲಿಯ ಹಿಂದೆ ಅದರ ವೇಗ ಅಳೆಯುವ ಪುಟ್ಟ ಸೆನ್ಸರ್ ಇರುತ್ತದೆ. ಟೈರು ಬಿಚ್ಚುವಾಗ ಅದರ ವೈರು ಎಳೆದಿರಬಹುದೆಂದು ಟಾರ್ಚ್ ಹಿಡಿದು ಚಾಪೆಯ ಮೇಲೆ ಮಲಗಿ ನೋಡಿದಳು. ವೈರು ನೆಟ್ಟಗಿತ್ತು, ಮಣ್ಣನ್ನು ಬಟ್ಟೆಯಿಂದ ಒರೆಸಿದಳು. ನೇರ ರಸ್ತೆಯಲ್ಲಿ ಸ್ಟೇರಿಂಗಿನಿಂದ ಸ್ವಲ್ಪ ಕೈ ಬಿಟ್ಟಾಗ ಮಾತ್ರ ಕಾರು ಎಡಕ್ಕೆ ಎಳೆಯುವಂತೆ ಅನಿಸಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗೆ.

ಭಾವನಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಟೈರು ಹಾಕಿದ ಮೇಲೆ ಹೀಗಾಯಿತು ಎಂದರೆ ಆತನ ಕೆಲಸಕ್ಕೆ ಬೆರಳು ತೋರಿಸಿದಂತೆ. ಮೊದಲು ಬೇರೆ ಕಡೆ ತೋರಿಸೋಣ ಎಂದು ಲ್ಯಾಪ್‌ಟಾಪ್ ಮೆಕ್ಯಾನಿಕ್ ಹತ್ತಿರ ಹೋದಳು. ಸುತ್ತಿಗೆ ಹಿಡಿಯುವ ಮೊದಲು ಲ್ಯಾಪ್‌ಟಾಪ್ ತೆರೆಯುವವನಾದ್ದರಿಂದ ಅವನಿಗೆ ಆ ಹೆಸರು. ಕಾರುಗಳ ಜೊತೆ ಮಕ್ಕಳಂತೆ ಮಾತಾಡುವುದು ಅವನ ಚಾಳಿ.

"ಏನಮ್ಮಾ ಬಿಳಿಯಮ್ಮ, ಎಲ್ಲಿ ನೋವು?" ಎಂದು ಸ್ಟೇರಿಂಗ್ ಕೆಳಗೆ ಕೇಬಲ್ ಸಿಕ್ಕಿಸಿ, ಅವಳಿಗೆ ಓಡಿಸಲು ಹೇಳಿ, ತಾನು ಪಕ್ಕದಲ್ಲಿ ಪರದೆ ನೋಡುತ್ತ ಕೂತ. ಪರದೆಯ ಮೇಲೆ ನಾಲ್ಕು ಗಾಲಿಗೆ ನಾಲ್ಕು ಅಂಕಿ. ಮೂರು ಅಂಕಿಗಳು ಅಣ್ಣತಮ್ಮಂದಿರಂತೆ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತಿದ್ದವು. ಮುಂದಿನ ಎಡಗಾಲಿಯದು ಮಾತ್ರ ಯಾವಾಗಲೂ ಒಂದು ಹೆಜ್ಜೆ ಮುಂದೆ.

"ಸೆನ್ಸರ್ ಕೆಟ್ಟಿದ್ಯಾ?" ಅವಳು ಕೇಳಿದಳು.

"ಕೆಟ್ಟಿದ್ರೆ ಒಮ್ಮೆ ತೋರ್ಸುತ್ತೆ, ಒಮ್ಮೆ ತೋರ್ಸಲ್ಲ. ಇದು ಹಾಗಲ್ಲ ಅಕ್ಕ. ಈ ಗಾಲಿ ನಿಜವಾಗ್ಲೂ ಜಾಸ್ತಿ ಸುತ್ತಾ ಇದೆ. ಪಾಪ, ಕಾರು ಅದನ್ನ ಜಾರ್ತಾ ಇದೆ ಅಂದ್ಕೊಂಡು ಹಿಡ್ಕೊಳ್ಳೋಕೆ ಹೋಗ್ತಿದೆ. ಟೈರ್ ಸೈಜ್ ನೋಡಿದ್ರಾ?"

ಇಬ್ಬರೂ ಇಳಿದು ಕುಕ್ಕರುಗಾಲಿನಲ್ಲಿ ಕೂತರು. ಟೈರಿನ ಪಕ್ಕೆಯ ಮೇಲೆ ಉಬ್ಬಿದ ಅಕ್ಷರ. ಮೂರು ಟೈರಿನಲ್ಲಿ ಅರವತ್ತೈದು ಎಂದಿದ್ದ ಕಡೆ ಇದರಲ್ಲಿ ಅರವತ್ತು. ಅದೇ ಕಂಪನಿ, ಅದೇ ಗೆರೆಗಳು, ಎತ್ತರ ಮಾತ್ರ ಕಿರುಬೆರಳ ದಪ್ಪದಷ್ಟು ಕಮ್ಮಿ. ಗಿಡ್ಡ ಕಾಲಿನವನು ಉದ್ದ ಕಾಲಿನವರ ಜೊತೆ ನಡೆಯಬೇಕಾದರೆ ಹೆಚ್ಚು ಹೆಜ್ಜೆ ಹಾಕಲೇಬೇಕಲ್ಲ.

"ಯಾರು ಹಾಕಿದ್ದು?" ಎಂದ ಮೆಕ್ಯಾನಿಕ್.

"ನಮ್ಮವರೇ," ಎಂದಳು ಅವಳು.

ಟೈರ್ ಬದಲಾಯಿಸೋವರೆಗೂ ದೀಪ ಮತ್ತೆ ಮತ್ತೆ ಬರುತ್ತದೆ ಎಂದು ಎಚ್ಚರಿಸಿ ಅವನು ಕಳಿಸಿಕೊಟ್ಟ. ದಾರಿಯಲ್ಲಿ ಅವಳ ತಲೆಯೊಳಗೆ ಹಳೆಯ ಚೂರುಪಾರು ಸಂಗತಿಗಳೆಲ್ಲ ಒಂದೊಂದಾಗಿ ಎದ್ದುಬಂದವು. ಭಾವ ಈಚೆಗೆ ಫೋನಿನಲ್ಲಿ ಸಂದೇಶ ಓದುತ್ತಿರಲಿಲ್ಲ, "ಮಾತಾಡೋಕೆ ಬಾಯಿಲ್ವಾ" ಎಂದು ರೇಗುತ್ತಿದ್ದ. ಅಂಗಡಿಯ ರ‍್ಯಾಕುಗಳ ಮೇಲೆ ಸುಣ್ಣದಲ್ಲಿ ಕುಂಬಳಕಾಯಿ ಗಾತ್ರದ ಅಂಕಿ ಬರೆದಿದ್ದ. ಸ್ಪ್ಯಾನರ್ ಇಟ್ಟ ಜಾಗದಲ್ಲಿಲ್ಲದಿದ್ದರೆ ಕೋಪ ಬರುತ್ತಿತ್ತು. ವಯಸ್ಸಾಯಿತು, ಮುಂಗೋಪ ಹೆಚ್ಚಿತು ಎಂದೇ ಎಲ್ಲರೂ ನಂಬಿದ್ದರು.

ಬೇರೆ ಅಂಗಡಿಯಲ್ಲಿ ಸದ್ದಿಲ್ಲದೆ ಒಂದು ಟೈರು ಬದಲಾಯಿಸಿ ಸುಮ್ಮನಾಗಿಬಿಡೋಣ ಎಂದು ಒಂದು ಗಳಿಗೆ ಅನಿಸಿತು. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಆದರೆ ಭಾವ ಬೇರೆಯವರ ಕಾರಿಗೂ ಟೈರು ಹಾಕುತ್ತಾನೆ. ಅಲ್ಲದೆ ದಿನಾ ಸಂಜೆ ತನ್ನ ಕಾರನ್ನು ತಾನೇ ಓಡಿಸಿಕೊಂಡು ಮನೆಗೆ ಹೋಗುತ್ತಾನೆ. ಅದು ನೆನಪಾದದ್ದೇ ಅವಳು ಕಾರನ್ನು ಟೈರ್ ಅಂಗಡಿಯ ಕಡೆ ತಿರುಗಿಸಿದಳು.

ಭಾವ ಅಂಗಡಿಯ ಮುಂದೆ ಟ್ಯೂಬಿಗೆ ತೇಪೆ ಹಾಕುತ್ತಿದ್ದ.

"ಭಾವ, ಈ ಟೈರಿನ ಮೇಲೇನಿದೆ, ಸ್ವಲ್ಪ ಓದ್ತೀರಾ?"

"ಯಾಕೆ, ನಿಂಗೆ ಓದೋಕೆ ಬರಲ್ವಾ?"

"ಬರುತ್ತೆ. ನೀವು ಓದಿ."

ಆತ ಬಗ್ಗಿ, ಬಟ್ಟೆಯಿಂದ ಒರೆಸಿ, ಹೆಬ್ಬೆರಳನ್ನು ಅಕ್ಷರದ ಮೇಲೆ ಆಡಿಸಿದ. "ಅರವತ್ತೈದು" ಎಂದ, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಗಡಿಬಿಡಿಯಲ್ಲಿ. ಅವಳ ಕಣ್ಣು ಟೈರಿನ ಮೇಲೇ ಇತ್ತು. ಆತ ಮತ್ತೊಮ್ಮೆ ಹೆಬ್ಬೆರಳು ಆಡಿಸಿದ, ಈ ಸಲ ನಿಧಾನಕ್ಕೆ. ಎರಡನೆಯ ಅಂಕಿಯ ಮೇಲೆ ಬೆರಳು ನಿಂತಿತು. ಮುಖವನ್ನು ರಬ್ಬರಿಗೆ ತಾಗುವಷ್ಟು ಹತ್ತಿರ ತಂದ.

"ಇಲ್ಲಿ ಬೆಳಕು ಸಾಲ್ದು," ಎಂದ.

ಇಬ್ಬರೂ ನಡುಮಧ್ಯಾಹ್ನದ ಬಿಸಿಲಲ್ಲಿ ನಿಂತಿದ್ದರು.

ಆಮೇಲೆ ಆತನಿಗೆ ಸಿಟ್ಟು ಬಂತು. ಸರಬರಾಜಿನವರು ಬೆರೆಸಿ ಕಳಿಸಿದ್ದಾರೆ, ಕಳ್ಳರು, ಇನ್ನು ಮೇಲೆ ಅವರ ಮಾಲೇ ಬೇಡ ಎಂದೆಲ್ಲ ಕೂಗಾಡಿದ. ಅವಳು ಸುಮ್ಮನೆ ರ‍್ಯಾಕಿನ ಹತ್ತಿರ ಹೋಗಿ ಸರಿಯಾದ ಟೈರನ್ನು ಹುಡುಕಿ ಉರುಳಿಸಿಕೊಂಡು ಬಂದಳು. ಆತ ಜ್ಯಾಕ್ ಏರಿಸಿದ. ಕೈಗೆ ಕೆಲಸ ಸಿಕ್ಕ ಮೇಲೆ ಬಾಯಿ ಸಡಿಲವಾಯಿತು.

"ಹೋದ ಬೇಸಿಗೆಯಿಂದ ಹೀಗೆ. ಮೊದ್ಲು ಕನ್ನಡಕ ಕೊಳೆಯಾಗಿದೆ ಅಂದ್ಕೊಂಡೆ. ಒರ್ಸಿ ಒರ್ಸಿ ಗಾಜೇ ಸವೀತು."

"ಡಾಕ್ಟ್ರಿಗೆ ತೋರ್ಸಿದ್ರಾ?"

"ತೋರ್ಸಿದ್ರೆ ಏನಾದ್ರೂ ಹೇಳ್ತಾರೆ."

"ಅಕ್ಕನಿಗೆ ಗೊತ್ತಾ?"

"ನಿಮ್ಮಕ್ಕನಿಗೆ ಗೊತ್ತಾದ್ರೆ ಅಂಗಡಿ ಬಾಗ್ಲು ಹಾಕಿಸ್ತಾಳೆ. ಬೇಡ." ಅಕ್ಕ ಎಂದರೆ ಆತನ ಹೆಂಡತಿ, ಇವಳ ಓರಗಿತ್ತಿ.

"ಮತ್ತೆ ಕಾರು ಓಡಿಸ್ತೀರಲ್ಲ?"

"ರಸ್ತೆ ಕಾಣುತ್ತೆ ಕಣೇ. ಅಕ್ಷರ ಕಾಣಲ್ಲ, ಅಷ್ಟೇ."

ನಟ್ಟು ಬಿಗಿಯಾದ ಮೇಲೆ ಅವಳು ಬೀಗದ ಕೈ ಆತನ ಕಡೆ ಚಾಚಿದಳು. "ಟೈರು ಸರಿಯಾಯ್ತಾ ನೋಡ್ಕೊಂಡು ಬರೋಣ. ನೀವೇ ಓಡ್ಸಿ." ತಾನು ಕಲಿಸುವವಳ ಜಾಗದಲ್ಲಿ ಕೂತಳು.

ಕಾರು ಹೂವಿನ ಹಾಗೆ ಓಡಿತು. ಹಳದಿ ದೀಪ ಆರಿತು. ಟ್ಯಾಂಕಿನ ಏರನ್ನು ಉಸಿರು ಬಿಡದೆ ಹತ್ತಿತು. "ನೋಡಿದ್ಯಾ? ನನ್ನ ಕೈ ಇನ್ನೂ ಕೆಟ್ಟಿಲ್ಲ" ಎಂದು ಭಾವನ ಮುಖ ಅರಳಿತು. ಅವಳೂ ಹೌದೆಂದಳು. ಇಳಿಜಾರು ಮುಗಿದು ಅಂಗಡಿ ಬೀದಿಗೆ ತಿರುಗಿದಾಗ, ಮಗುವಿನ ತಳ್ಳುಗಾಡಿ ಹಿಡಿದ ಹೆಂಗಸೊಬ್ಬಳು ಬದಿಯಿಂದ ರಸ್ತೆಗೆ ಇಳಿದಳು. ಭಾವನ ಕಾಲು ಬ್ರೇಕಿಗೆ ಹೋಗುತ್ತದೆಂದು ಹಾಫ್‌ಕ್ಲಚ್ ಅಕ್ಕ ಕಾದಳು. ಕಾಲು ಅಲುಗಲಿಲ್ಲ. ತನ್ನ ಕಡೆಯ ಬ್ರೇಕನ್ನು ನೆಲಕ್ಕೊತ್ತಿದಳು. ಕಾರು ಮುಗ್ಗರಿಸಿ ನಿಂತಿತು. ಹೆಂಗಸು ಗುರಾಯಿಸಿ, ಗಾಡಿ ತಳ್ಳಿಕೊಂಡು ದಾಟಿಹೋದಳು.

"ಎಲ್ಲಿಂದ ಬಂದ್ಲು ಅವ್ಳು?" ಭಾವ ಕೇಳಿದ.

"ಅಂಗಡಿ ಮುಂದೆ ನಿಂತಿದ್ಲು ಭಾವ. ನಾವು ತಿರುಗಿದಾಗ್ಲಿಂದ ಅಲ್ಲೇ ಇದ್ಲು."

ಹಿಂದಿನಿಂದ ಹಾರನ್ ಶುರುವಾಯಿತು. ಆತ ಎಂಜಿನ್ ಆರಿಸಿ, ಸ್ಟೇರಿಂಗಿನಿಂದ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಪರೀಕ್ಷೆಯಲ್ಲಿ ಸೋತವರಿಗೆಲ್ಲ ಅವಳು "ಮುಂದಿನ ಸಲ ಆಗುತ್ತೆ ಬಿಡಿ" ಎನ್ನುತ್ತಿದ್ದಳು. ಆ ಮಾತು ನಾಲಿಗೆವರೆಗೆ ಬಂದು ಅಲ್ಲೇ ನಿಂತಿತು.

"ನಿನ್ನ ಕಾಲು ಮೊದ್ಲಿಂದಾನೂ ಬ್ರೇಕಿನ ಮೇಲೇ ಇತ್ತಾ?"

"ಇತ್ತು."

"ಹಾಗಾದ್ರೆ ನಿಂಗೆ ಗೊತ್ತಿತ್ತು."

"ಗೊತ್ತಿರ್ಲಿಲ್ಲ ಭಾವ. ಭಯ ಇತ್ತು."

ಇಬ್ಬರೂ ಇಳಿದು ಜಾಗ ಬದಲಾಯಿಸಿದರು. ಅವಳು ಕಾರನ್ನು ಆತನ ಮನೆಯ ಕಡೆ ಓಡಿಸಿದಳು. ಬಾಗಿಲಲ್ಲಿ ಕಾರು ನಿಂತಾಗ ಅವಳು, "ನೀವು ಹೇಳ್ತೀರೋ, ನಾನು ಹೇಳ್ಲೋ?" ಎಂದಳು. ಆತ ನೇರ ಒಳಗೆ ಹೋಗಿ, ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತು, "ನಂಗೆ ಕಣ್ಣು ಕಾಣ್ತಿಲ್ಲ" ಎಂದ.

ಓರಗಿತ್ತಿ ಒಲೆ ಆರಿಸಿ ತಿರುಗಿದಳು. "ನಂಗೆ ಗೊತ್ತಿಲ್ವಾ? ಚಹಾಕ್ಕೆ ಉಪ್ಪು ಹಾಕ್ಕೊಂಡು ಒಂದು ಮಾತಾಡ್ದೆ ಪೂರ್ತಿ ಕುಡಿದ್ರಲ್ಲ, ಅವತ್ತೇ ಗೊತ್ತಾಯ್ತು. ನೀವಾಗೇ ಬಾಯಿ ಬಿಡ್ಲಿ ಅಂತ ಕಾಯ್ತಿದ್ದೆ." ಸೆರಗಿಗೆ ಕೈ ಒರೆಸಿಕೊಂಡಳು. "ಕಾರಿನ ಕೀ ಎಲ್ಲಾದ್ರೂ ಬಚ್ಚಿಡೋಣ ಅಂತ ದಿನಾ ಬೆಳಿಗ್ಗೆ ಅನ್ನಿಸ್ತಿತ್ತು. ನೀವು ಬೇಜಾರು ಮಾಡ್ಕೊಳ್ತೀರಿ ಅಂತ ಕೈ ಬರ್ಲಿಲ್ಲ." ಗಂಡ ಹೆಂಡತಿ ಒಬ್ಬರನ್ನೊಬ್ಬರು ಉಳಿಸಲು ಹೋಗಿ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಕಣ್ಣಿನ ಡಾಕ್ಟರು ಎರಡು ಸುದ್ದಿ ಹೇಳಿದರು. ಒಂದು ಕಣ್ಣಿನ ಪೊರೆ ತೆಗೆದರೆ ದೃಷ್ಟಿ ಮರಳುತ್ತದೆ. ಇನ್ನೊಂದರ ನರ ಸೊರಗಿದೆ, ಆ ಬದಿಯಿಂದ ಬರುವುದು ಇನ್ನು ಕಾಣದು. ಕೆಲಸ ಮಾಡಬಹುದು, ವಾಹನ ಬೇಡ. ಭಾವ ಹಾಫ್‌ಕ್ಲಚ್ ಅಕ್ಕನ ಜೊತೆ ಬಹಳ ದಿನ ಮುಖ ಕೊಟ್ಟು ಮಾತಾಡಲಿಲ್ಲ. ಅವಳು ಮಾತ್ರ ಪಾಠದ ನಡುವೆ ಬಿಡುವು ಮಾಡಿಕೊಂಡು ಆತನನ್ನು ಅಂಗಡಿಗೂ ಆಸ್ಪತ್ರೆಗೂ ಕರೆದೊಯ್ಯುತ್ತಿದ್ದಳು. ಆತ ಹಿಂದಿನ ಸೀಟಿನಲ್ಲಿ ಬಾಡಿಗೆ ಗಿರಾಕಿಯಂತೆ ಬಿಗಿದುಕೊಂಡು ಕೂರುತ್ತಿದ್ದ.

ಪೊರೆ ತೆಗೆಸಿದ ಮೇಲೆ ಆತನೇ ಮೊದಲು ಬಾಯಿಬಿಟ್ಟ. "ಈಚೆಗೆ ನನ್ನ ಹತ್ರ ಟೈರು ಹಾಕಿಸ್ಕೊಂಡವ್ರನ್ನೆಲ್ಲ ಕರೀಬೇಕು. ನೀನು ಸ್ವಲ್ಪ ಜೊತೆಗಿರು." ಒಬ್ಬೊಬ್ಬರೇ ಬಂದರು. ಆತ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಓದುತ್ತಿದ್ದ, ಅವಳು ಮತ್ತೊಮ್ಮೆ ಓದುತ್ತಿದ್ದಳು. ಬೇಕರಿಯವನ ಗಾಡಿಯಲ್ಲಿ ಇನ್ನೊಂದು ತಪ್ಪು ಸಿಕ್ಕಿತು. ಭಾವ ನೆಪ ಹೇಳಲಿಲ್ಲ, ಯಾರನ್ನೂ ದೂರಲಿಲ್ಲ. "ನನ್ನ ಕಣ್ಣು ತಪ್ಪಿತ್ತು, ಕ್ಷಮಿಸಿ" ಎಂದು ಬದಲಾಯಿಸಿಕೊಟ್ಟ. ಬೇಕರಿಯವನು, "ಅದಕ್ಕೇನಂತೆ, ನಮ್ಮಪ್ಪನಿಗೂ ಹೀಗೇ ಆಗಿತ್ತು" ಎಂದು ಅಲ್ಲೇ ಕೂತು ತನ್ನಪ್ಪನ ಕತೆ ಶುರುಮಾಡಿದ. ಭಾವ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿಸಿಕೊಂಡ.

ಆತನ ಕಾರನ್ನು ಏನು ಮಾಡುವುದೆಂಬ ಮಾತು ಬಂದಾಗ, ಮಾರೋಣವೆಂದು ಭಾವ ಹೇಳುವಷ್ಟರಲ್ಲಿ ಓರಗಿತ್ತಿ ನಡುವೆ ಬಾಯಿಹಾಕಿದಳು. "ಮಾರೋದು ಬೇಡ. ನಾನು ಕಲೀತೀನಿ."

"ಈ ವಯಸ್ಸಲ್ಲಾ?"

"ವಯಸ್ಸು ನನ್ನದು, ಕಾಲೂ ನನ್ನದು. ನಿಮಗೇನು?"

ಮೊದಲ ಪಾಠಕ್ಕೆ ಭಾವ ಬೇಡವೆಂದರೂ ಹಿಂದಿನ ಸೀಟು ಹತ್ತಿದ. ಓರಗಿತ್ತಿ ಕಾರನ್ನು ಮೂರು ಸಲ ನಿಲ್ಲಿಸಿಕೊಂಡಳು, ನಾಲ್ಕನೆಯ ಸಲ ಕಪ್ಪೆಯಂತೆ ನೆಗೆಸಿದಳು. ಪ್ರತಿ ನೆಗೆತಕ್ಕೂ ಭಾವ ಹಿಂದಿನಿಂದ "ಮೆಲ್ಲಗೆ... ಮೆಲ್ಲಗೆ" ಎನ್ನುತ್ತಿದ್ದ. ಕೊನೆಗೆ ಓರಗಿತ್ತಿ ಕಾರು ನಿಲ್ಲಿಸಿ, ಕನ್ನಡಿಯಲ್ಲೇ ಗಂಡನನ್ನು ನೋಡುತ್ತ ಹಾಫ್‌ಕ್ಲಚ್ ಅಕ್ಕನಿಗೆ ಹೇಳಿದಳು: "ಹಿಂದೆ ಕೂತವರು ಮಾತಾಡಬಾರ್ದು ಅಂತ ಒಂದು ನಿಯಮ ಮಾಡೇ ಮಾರಾಯ್ತಿ, ಇಲ್ದಿದ್ರೆ ನಾನು ಈ ಜನ್ಮದಲ್ಲಿ ಕಲಿಯಲ್ಲ."

"ಮಾಡ್ದೆ," ಎಂದಳು ಹಾಫ್‌ಕ್ಲಚ್ ಅಕ್ಕ. ಭಾವ ಬಾಯಿ ಮುಚ್ಚಿ, ಬಾಗಿಲ ಮೇಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡ. ಕಾರು ಈ ಸಲ ನೆಗೆಯದೆ ಹೊರಟಿತು.