ಕೋಳಿಗೂಡಿಗೊಂದು ಕೋಟು

ಟೇಪಣ್ಣನಿಗೆ ಆ ಹೆಸರು ಇಟ್ಟವರು ಯಾರೋ ಏನೋ. ಅಳತೆಯ ಟೇಪು ಕೊರಳಲ್ಲಿ ಹಾಕಿಕೊಂಡೇ ಊಟಕ್ಕೆ ಕೂರುವ ದರ್ಜಿಗೆ ಬೇರೆ ಹೆಸರಾದರೂ ಯಾಕೆ ಬೇಕು? ರಸ್ತೆಗೆ ಮುಖ ಮಾಡಿದ ಕೋಣೆಯಲ್ಲಿ ಅವನ ಹೊಲಿಗೆ ಯಂತ್ರ, ಅದರ ಹಿಂದೆ ಅಡುಗೆಮನೆ, ಅದರಾಚೆ ಹಿತ್ತಿಲು. ಹಿತ್ತಿಲೆಲ್ಲ ಹೆಂಡತಿಯ ರಾಜ್ಯ. ಅಲ್ಲಿನ ಕೋಳಿಗೂಡಿನತ್ತ ಅವನು ಒಂದು ದಿನವೂ ತಲೆ ಹಾಕಿದವನಲ್ಲ. ಮೊಟ್ಟೆ ತಟ್ಟೆಗೆ ಬರುತ್ತಿತ್ತು, ತಿನ್ನುತ್ತಿದ್ದ.

ಈ ಸಲ ಚಳಿಗಾಲ ಕಾಲಿಡುವ ಹೊತ್ತಿಗೇ ಮಗಳಿಗೆ ಹೆರಿಗೆಯಾಯಿತು. ಬಾಣಂತನಕ್ಕೆ ಹೊರಟ ಹೆಂಡತಿ ಚೀಲವನ್ನು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು ಹೇಳಿದಳು: "ಚಳಿ ಜೋರಾಗೋದ್ರೊಳಗೆ ಗೂಡು ಸರಿ ಮಾಡ್ಬಿಡಿ. ಗಾಳಿ ಹೊಡೀಬಾರ್ದು. ಆದ್ರೆ ಗಾಳಿ ಆಡ್ತಾ ಇರ್ಬೇಕು. ಅಷ್ಟೇ. ನಾನು ಬರೋವರೆಗೆ ದೊಡ್ಡಮ್ಮನ್ನ ಉಳಿಸ್ಕೊಳ್ಳಿ."

ದೊಡ್ಡಮ್ಮ ಅಂದರೆ ಗೂಡಿನ ಮುದಿ ಕೋಳಿ. ಮರಿಯಾಗಿದ್ದಾಗ ಹೆಂಡತಿಯೇ ಅದನ್ನು ಬೆಕ್ಕಿನ ಬಾಯಿಂದ ಬಿಡಿಸಿ, ಮಡಿಲಲ್ಲಿಟ್ಟುಕೊಂಡು ಬದುಕಿಸಿದ್ದಳು. ಅದು ಮೊಟ್ಟೆ ನಿಲ್ಲಿಸಿ ಎಷ್ಟೋ ಕಾಲವಾದರೂ ಮೊದಲ ಹಿಡಿ ಕಾಳು ಅದಕ್ಕೇ. ಟೇಪಣ್ಣ ಕೋಲೆಬಸವನ ಹಾಗೆ ತಲೆಯಾಡಿಸಿ ಮಾತು ಕೊಟ್ಟ. ಬಸ್ಸು ಹೊರಟುಹೋದ ಮೇಲೆ ಅದೇ ತಲೆಯನ್ನು ಕೆರೆದುಕೊಂಡ. ಗಾಳಿ ಹೊಡೀಬಾರದು, ಗಾಳಿ ಆಡಬೇಕು! ಮೈ ಒದ್ದೆಯಾಗದಂತೆ ಸ್ನಾನ ಮಾಡು ಅಂದ ಹಾಗಾಯಿತಲ್ಲ!

ಕೇಳಿ ತಿಳಿದುಕೊಳ್ಳೋಣ ಅಂತ ಹೊರಟ. ಅದೇ ತಪ್ಪಾಯಿತು. ಪಕ್ಕದ ಮನೆಯ ರಿಟೈರಾದ ಬಸ್ ಕಂಡಕ್ಟರು, "ಸೂಜಿ ತೂರೋಷ್ಟೂ ಸಂದಿ ಬಿಡ್ಬೇಡ ಮಾರಾಯಾ. ಚಳಿ ಟಿಕೆಟ್ ತಗೊಳ್ದೇ ಒಳಗೆ ನುಗ್ಗುತ್ತೆ" ಅಂದರು. ಕಾಳಿನಂಗಡಿಯವನು, "ಕಿಟಕಿ ತೆಗೆದಿಡಿ ಸಾರ್. ಅವು ಹುಟ್ತಾನೇ ಕಂಬಳಿ ಹೊದ್ಕೊಂಡು ಬಂದಿರೋವು" ಅಂದ. ನಾದಿನಿ ಫೋನಿನಲ್ಲಿ, "ಒಂದು ದೊಡ್ಡ ಬಲ್ಬ್ ಹಾಕ್ಬಿಡಿ ಭಾವ" ಅಂದಳು. ಅದನ್ನು ಕೇಳಿದ ಕಂಡಕ್ಟರು, "ಒಣಹುಲ್ಲಿನ ಮೇಲೆ ಬಲ್ಬಾ? ಕೋಳಿ ಜೊತೆಗೆ ನೀನೂ ಸುಟ್ಟು ಬೂದಿಯಾಗ್ತೀಯ" ಅಂತ ಹೆದರಿಸಿದರು. ಬಡಪಾಯಿ ದರ್ಜಿ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದ.

ದಿಕ್ಕು ತೋಚದೆ ಹೋದಾಗ ಮನುಷ್ಯ ತನಗೆ ಬರುವ ಕೆಲಸವನ್ನೇ ಮಾಡುತ್ತಾನೆ. ಟೇಪಣ್ಣ ಕೊರಳಿನ ಟೇಪು ತೆಗೆದು ಗೂಡಿನ ಎದೆ, ಸೊಂಟ, ಉದ್ದ ಎಲ್ಲ ಅಳೆದ. ಮೂಲೆಯಲ್ಲಿ ಬಿದ್ದಿದ್ದ ಕೋಟಿನ ಚೂರುಪಾರು ಬಟ್ಟೆ ಕೂಡಿಸಿ, ನಡುವೆ ಹತ್ತಿ ತುಂಬಿ, ಸೂರಿನ ಕೆಳಗಿನ ಜಾಲರಿಯೂ ಮುಚ್ಚುವಂತೆ ನೆಲದಿಂದ ಸೂರಿನವರೆಗೆ ನಾಲ್ಕು ಗೋಡೆಗೂ ಒಳಗಿನಿಂದ ಹೊದಿಕೆ ಹೊಲಿದ. ಅಂಚಿಗೆ ಪಟ್ಟಿ, ಬಾಗಿಲಿಗೆ ಗುಂಡಿ. ಎಲ್ಲೂ ಒಂದು ಸುಕ್ಕಿಲ್ಲ, ಒಂದು ಸಂದಿಯಿಲ್ಲ. ಕೋಳಿ ಕೇಳಿ ಮಸಾಲೆ ಅರೀತಾರಾ ಅನ್ನುತ್ತಾರೆ. ಹೊದಿಕೆ ಹೊಲಿಯುವ ಮುಂಚೆಯೂ ಯಾರೂ ಕೋಳಿಯನ್ನು ಕೇಳಲಿಲ್ಲ. ಕಂಡಕ್ಟರು ಬಂದು ನೋಡಿ, ಇಂಥ ಕೋಟು ನನ್ನ ಮದುವೆಗೂ ಇರಲಿಲ್ಲ ಅಂದರು. ಟೇಪಣ್ಣ ಹಿಗ್ಗಿ ಹೀರೇಕಾಯಿಯಾದ.

ಮಾರನೆಯ ಬೆಳಿಗ್ಗೆ ಗುಂಡಿ ಬಿಚ್ಚಿ ನೋಡಿದರೆ ಹೊದಿಕೆಯೆಲ್ಲ ತೊಯ್ದು ತೊಪ್ಪೆ. ಸೂರಿನಿಂದ ತೊಟ್ಟು ತೊಟ್ಟು ನೀರು. ಕಣ್ಣು ಉರಿಸುವ ನಾತ. ದೊಡ್ಡಮ್ಮ ಮೂಲೆಯಲ್ಲಿ ಮುದುಡಿ ಕೂತು ಗೊರಗೊರ ಉಸಿರಾಡುತ್ತಿತ್ತು, ಜುಟ್ಟಿನ ತುದಿ ಬಿಳಿಚಿಕೊಂಡಿತ್ತು. ಮಳೆ ಬಂದಿಲ್ಲ, ಮಾಡು ಸೋರಿಲ್ಲ, ನೀರಿನ ಬೋಗುಣಿ ಉರುಳಿಲ್ಲ. ಮತ್ತೆ ಈ ನೀರು ಎಲ್ಲಿಂದ ಬಂತು? ಹೆಂಡತಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

ಆ ಕಡೆ ಮಗು ಅಳುತ್ತಿತ್ತು. ಅವಳು ಅಂದಳು: "ಒಳಗೆ ಹೋಗಿ, ಬಾಗಿಲು ಹಾಕ್ಕೊಂಡು ಕೂತ್ಕೊಳ್ಳಿ."

"ನಾನಾ? ಗೂಡಲ್ಲಾ?"

"ಹೂಂ. ಸುಮ್ನೆ ಕೂತ್ಕೊಳ್ಳಿ, ಗೊತ್ತಾಗುತ್ತೆ."

ಬಕೆಟ್ಟು ಬೋರಲು ಹಾಕಿ, ಫೋನು ಕಿವಿಗಿಟ್ಟುಕೊಂಡು ಕೂತ. ನೋಡನೋಡುತ್ತ ಕನ್ನಡಕ ಮಸುಕಾಯಿತು. ಒರೆಸಿಕೊಂಡ, ಮತ್ತೆ ಮಸುಕಾಯಿತು. ಆಗ ಹೊಳೆಯಿತು: ಇದು ಉಸಿರು! ಕೋಳಿಗಳ ಉಸಿರು ಹೊರಗೆ ಹೋಗಲು ದಾರಿಯಿಲ್ಲದೆ ಇಲ್ಲೇ ನೀರಾಗಿ, ಅವುಗಳ ಮೈಮೇಲೇ ಬಿದ್ದಿದೆ.

"ಕಾಲಿನ ಹತ್ರ ಗಾಳಿ ಹೊಡೀತಿದ್ಯಾ?" ಅಂತ ಕೇಳಿದಳು.

"ಇಲ್ಲ."

"ಅದು ಸರಿ ಇದೆ. ಅವು ಕೂರೋ ಕೋಲಿಗಿಂತ ಮೇಲೆ, ಸೂರಿನ ಕೆಳಗೆ ಹೊದಿಕೆ ತೆಗೆದ್ಬಿಡಿ. ಅಲ್ಲಿ ಗಾಳಿ ಆಡ್ಲಿ."

ಟೇಪಣ್ಣ ಹಣೆ ಚಚ್ಚಿಕೊಂಡ. ಇಷ್ಟು ವರ್ಷದ ದರ್ಜಿ, ಕೋಟು ಹೊಲಿದು ಕತ್ತು ಬಿಡುವುದನ್ನೇ ಮರೆತಿದ್ದ! ತಾನೇ ಹೊಲಿದದ್ದಕ್ಕೆ ಕತ್ತರಿ ಹಾಕುವಾಗ ಕರುಳು ಚುರುಕ್ಕೆಂದಿತು. ಆದರೂ ಸೂರಿನ ಉದ್ದಕ್ಕೂ ಕತ್ತರಿಸಿ ತೆಗೆದ. ಒದ್ದೆ ಹುಲ್ಲು ಬಾಚಿ ಒಣಹುಲ್ಲು ಹಾಸಿದ. ದೊಡ್ಡಮ್ಮನನ್ನು ಬುಟ್ಟಿಯಲ್ಲಿ ಅಡುಗೆಮನೆಗೆ ತಂದು, ಒಲೆಯ ಹತ್ತಿರ ಇಟ್ಟು, ಬೆರಳಿನಿಂದ ನೀರು ಕುಡಿಸಿದ. ಒದ್ದೆಯಲ್ಲಿ ಚಳಿ ಹಿಡಿದ ಜುಟ್ಟಿನ ತುದಿ ಕಪ್ಪಾಗಿ ಉದುರಿತು, ಜೀವ ಉಳಿಯಿತು. ಅದು ಎದ್ದು ನಿಂತು ಅವನ ಅಂಗೈಯಿಂದ ಕಾಳು ಕುಕ್ಕಿದ ದಿನ ಅವನಿಗೆ ಅಳುವೇ ಬಂದುಬಿಟ್ಟಿತು.

ಆ ಸಂಜೆ ಫೋನಿನಲ್ಲಿ ಕೇಳಿದ: "ಒಳಗೆ ಕೂತು ನೋಡ್ಬೇಕು ಅಂತ ನಿನಗೆ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ಪ್ರತಿ ಚಳಿಗಾಲ ಕೂರ್ತಿದ್ನಲ್ಲ, ನೀವು ನೋಡಿಲ್ವಾ?"

ನೋಡಿದ್ದ. ಅಡುಗೆಮನೆಯ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದ. ಅವಳು ಗೂಡಿನೊಳಗೆ ಹೋಗಿ ಬಾಗಿಲು ಎಳೆದುಕೊಂಡಾಗಲೆಲ್ಲ ತನ್ನ ಮೇಲೆ ಸಿಟ್ಟು ಅಂದುಕೊಂಡು, ತಾನೇನು ಮಾಡಿದೆನೋ ತಿಳಿಯದೆ, ಬೆಕ್ಕಿನ ಹೆಜ್ಜೆಯಲ್ಲಿ ಯಂತ್ರದ ಕಡೆ ಜಾರಿಕೊಳ್ಳುತ್ತಿದ್ದ. ಈಗ ಎದೆಯ ಭಾರ ಇಳಿದು ಜೋರಾಗಿ ನಕ್ಕ.

"ನಾನೊಬ್ಬ ಪೆದ್ದ ಕಣೇ! ನನ್ ಮೇಲೆ ಕೋಪ ಅಂದ್ಕೊಂಡಿದ್ದೆ. ನೀನು ಗಾಳಿ ನೋಡ್ತಿದ್ದೆ!"

ಅವಳು ನಗಲಿಲ್ಲ.

"ಒಂದೆರಡು ಸಲ ಅಳೋಕೂ ಹೋಗಿದ್ದೆ."

ಟೇಪಣ್ಣ ನಗು ನಿಲ್ಲಿಸಿದ. ಹಳೆಯ ಚಳಿಗಾಲಗಳನ್ನೆಲ್ಲ ನೆನಪಿನಲ್ಲಿ ತಿರುವಿಹಾಕಿದ. ಎಲ್ಲದರಲ್ಲೂ ಅದೇ ಮುಚ್ಚಿದ ಬಾಗಿಲು. ಯಾವುದು ಗಾಳಿಗೆ, ಯಾವುದು ಕಣ್ಣೀರಿಗೆ?

"ಯಾವ್ಯಾವ ಸಲ?" ಅಂದ.

"ಈಗ್ಯಾಕೆ ಬಿಡಿ."

"ಅಲ್ಲ ಕಣೇ, ಹೊರಗೆ ನಿಂತೋನಿಗೆ ಅದು ಹೇಗೆ ಗೊತ್ತಾಗ್ಬೇಕು?"

"ಬಾಗಿಲು ತಟ್ಟಿದ್ರೆ ಗೊತ್ತಾಗ್ತಿತ್ತು," ಅಂದಳು ಹೆಂಡತಿ.