ಪಕ್ಕದ ದನಿ

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಮನುಷ್ಯರ ಬಗ್ಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ತನ್ನ ಕಣ್ಣು ಮಂದವಾಗಿದೆ ಎಂದು ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. "ಕಣ್ಣು ಚೆನ್ನಾಗೇ ಇದೆ, ಪೇಪರಿನವರೇ ಅಕ್ಷರ ಸಣ್ಣ ಮಾಡಿದಾರೆ" ಎನ್ನುತ್ತಾರೆ. "ಮನೇಲಿ ಬೆಳಕು ಸಾಲಲ್ಲ, ಅಷ್ಟೇ" ಎನ್ನುತ್ತಾರೆ. ಒಬ್ಬ ಹಿರಿಯರಂತೂ ಗೋಡೆಯ ಚಾರ್ಟನ್ನು ದುರುಗುಟ್ಟಿ ನೋಡಿ, "ಇದನ್ನ ಅಚ್ಚು ಹಾಕಿದೋನು ಕುಡಿದಿದ್ನಾ?" ಎಂದು ಕೇಳಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ.

ಆ ಅಂಗಡಿಯ ಹೆಂಗಸನ್ನು ಬೀದಿಯವರೆಲ್ಲ ಕನ್ನಡಕದಮ್ಮ ಎಂದೇ ಕರೆಯುತ್ತಿದ್ದರು. ಇಂಥ ಮಾತುಗಳನ್ನು ಅವಳು ದಿನಾ ಸಂಜೆ ಮನೆಗೆ ತಂದು ಗಂಡನಿಗೆ ಬಡಿಸುತ್ತಿದ್ದಳು. ಗಂಡ ಸಾಮಾನು ಸಾಗಿಸುವ ವ್ಯಾನಿನ ಡ್ರೈವರು, ದೊಡ್ಡ ಗಂಟಲಿನ ಮನುಷ್ಯ, ಕಣ್ಣಲ್ಲಿ ನೀರು ಬರುವವರೆಗೂ ನಗುತ್ತಿದ್ದ. "ನಿನ್ನ ಹತ್ರ ಯಾರ ಆಟಾನೂ ನಡೆಯಲ್ಲ ಬಿಡು" ಎನ್ನುತ್ತಿದ್ದ. ಅವಳೂ ಹಾಗೆಯೇ ನಂಬಿಕೊಂಡಿದ್ದಳು.

ಅವಳನ್ನು ಹಾಡಿಗೆ ಎಳೆದು ತಂದದ್ದು ನರ್ಸಕ್ಕ. ಆಸ್ಪತ್ರೆಯಲ್ಲಿ ದುಡಿದು ನಿವೃತ್ತಿಯ ಹೊಸ್ತಿಲಲ್ಲಿದ್ದ ಹೆಂಗಸು ಓದುವ ಕನ್ನಡಕಕ್ಕೆಂದು ಅಂಗಡಿಗೆ ಬಂದಿದ್ದರು. ಕನ್ನಡಕದಮ್ಮ ಗಾಜಿನ ಅಂಚು ಉಜ್ಜುತ್ತ, ಯಂತ್ರದ ಸದ್ದಿನ ಜೊತೆಗೆ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಳು. ನರ್ಸಕ್ಕ ಕೌಂಟರಿನ ಮೇಲೆ ಮೊಣಕೈ ಊರಿ ಸುಮ್ಮನೆ ಕೇಳಿದರು. ಆಮೇಲೆ, "ಈ ದನೀನ ಗಾಜಿನ ಪುಡಿಯಲ್ಲಿ ಹೂತಿಟ್ಟುಕೊಂಡು ಏನ್ ಮಾಡ್ತೀಯೇ? ಸೋಮವಾರ ನನ್ನ ಜೊತೆ ಬಾ" ಎಂದರು. ಕೇಳಿದ್ದಲ್ಲ, ಇಂಜೆಕ್ಷನ್ ಕೊಡುವವರ ಹಾಗೆ ಹೇಳಿಯೇ ಬಿಟ್ಟದ್ದು.

ಸೋಮವಾರದ ಗಾಯನಮೇಳ ಸೇರುತ್ತಿದ್ದದ್ದು ಒಂದು ಶಾಲೆಯ ಊಟದ ಹಾಲಿನಲ್ಲಿ. ನೆಲ ಒರೆಸಿದ ನೀರಿನ ವಾಸನೆ, ಮಡಚಿ ಗೋಡೆಗೆ ಒರಗಿಸಿದ ಬೆಂಚುಗಳು, ಮೂಲೆಯಲ್ಲಿ ಎರಡು ಕೀಲಿ ಕೆಟ್ಟ ಪಿಯಾನೊ. ಕನ್ನಡಕದಮ್ಮನಿಗೆ ಸ್ವರಲಿಪಿ ಎಂದರೆ ತಂತಿಯ ಮೇಲೆ ಕೂತ ಕಾಗೆಗಳು. ನರ್ಸಕ್ಕ ಪೆನ್ಸಿಲ್ ಹಿಡಿದು ಒಂದೊಂದನ್ನೇ ಕಲಿಸಿದರು. ಹಾಡು ಯಾವಾಗ ಎತ್ತಬೇಕು ಎನ್ನುವುದಂತೂ ಅವಳಿಗೆ ಎಷ್ಟು ಹೇಳಿದರೂ ಹತ್ತುತ್ತಿರಲಿಲ್ಲ. ಕೊನೆಗೆ ನರ್ಸಕ್ಕ ಅವಳ ಮಣಿಕಟ್ಟು ಹಿಡಿದು, ನಾಡಿ ನೋಡುವ ಜಾಗದಲ್ಲಿ ಬೆರಳಿನಿಂದ ತಾಳ ತಟ್ಟತೊಡಗಿದರು. ಬೆರಳು ಒತ್ತಿದರೆ ಉಸಿರು ತೆಗೆದುಕೊಳ್ಳಬೇಕು, ಬಿಟ್ಟರೆ ಹಾಡಬೇಕು. ಅದೊಂದು ಅಭ್ಯಾಸವೇ ಆಗಿಹೋಯಿತು. ಹೆಂಗಸರ ತಗ್ಗು ದನಿಯ ಸಾಲಿನಲ್ಲಿ ಇಪ್ಪತ್ತು ವರ್ಷ ಇಬ್ಬರೂ ಅಕ್ಕಪಕ್ಕ ನಿಂತರು. ಹೊಸಬರು "ಅಕ್ಕ ತಂಗೀನಾ?" ಎಂದು ಕೇಳಿದರೆ ಇಬ್ಬರೂ ಇಲ್ಲವೆನ್ನುತ್ತಿರಲಿಲ್ಲ.

ಇಪ್ಪತ್ತನೇ ವರ್ಷ ಊರಿನ ವಾದ್ಯವೃಂದ ಒಂದು ಭಾರೀ ಸಿಂಫನಿಗೆ ಕೈ ಹಾಕಿ, ಹಾಡಲು ಇವರ ಮೇಳವನ್ನು ಕರೆಯಿತು. ನೂರು ವರ್ಷಕ್ಕೂ ಹಿಂದೆ ಯಾರೋ ಪುಣ್ಯಾತ್ಮ ಬರೆದಿಟ್ಟದ್ದು. ವೇದಿಕೆ ತುಂಬ ಪಿಟೀಲು, ಕಹಳೆ, ನಗಾರಿ, ಗಂಟೆ. ಅವು ಸಾಲದೆಂದು ಬಾಗಿಲ ಆಚೆ ಇನ್ನೊಂದಷ್ಟು ಕಹಳೆ. ಹಾಡುವವರು ಮಾತ್ರ ಒಂದು ಗಂಟೆಗೂ ಮಿಕ್ಕಿ ಮರದ ಹಲಗೆಯ ಮೇಲೆ ಕೆಮ್ಮದೆ, ಕೆರೆದುಕೊಳ್ಳದೆ ಕೂತಿರಬೇಕು. ಕೊನೆಯ ಭಾಗದಲ್ಲಿ ಆ ಗದ್ದಲವೆಲ್ಲ ಅಡಗಿದ ಮೇಲೆ, ಕೂತಲ್ಲಿಂದಲೇ, ಉಸಿರಿನಷ್ಟು ಮೆಲ್ಲಗೆ ದನಿ ತೆಗೆಯಬೇಕು. ಜನರ ಎದುರೇ ನುಡಿಸಿ, ಅದನ್ನೇ ರೆಕಾರ್ಡು ಮಾಡಿ ಸಿ.ಡಿ. ತರುವುದೆಂದು ತೀರ್ಮಾನವಾಗಿತ್ತು. "ಅವತ್ತು ಏನು ಬಾಯಿಂದ ಬಂತೋ ಅದೇ ಶಾಶ್ವತ" ಎಂದು ಮೇಳದ ಮೇಷ್ಟ್ರು ಎಲ್ಲರನ್ನೂ ಹೆದರಿಸಿಟ್ಟರು.

ಆ ಮೆಲ್ಲನೆಯ ಜಾಗದಲ್ಲೇ ಕನ್ನಡಕದಮ್ಮನಿಗೆ ಅದು ಕೇಳಿಸಿದ್ದು. ಅಭ್ಯಾಸದಲ್ಲಿ ಸ್ವರ ಎಳೆದು ನಿಲ್ಲಿಸಿದಾಗ ತೀರಾ ಹತ್ತಿರದಲ್ಲಿ ಒಂದು ದನಿ ನಡುಗುತ್ತಿತ್ತು. ಸಡಿಲವಾದ ಕಿಟಕಿಯ ಗಾಜು ಬಸ್ಸು ಹೋದಾಗ ಅದುರುವಂತೆ. ಓರೆಗಣ್ಣಲ್ಲಿ ನೋಡಿದಳು. ನರ್ಸಕ್ಕನ ಕೈಯಲ್ಲಿದ್ದ ಹಾಳೆಯೂ ಸಣ್ಣಗೆ ನಡುಗುತ್ತಿತ್ತು. ಎಪ್ಪತ್ತು ದಾಟಿದ ಕೈ. ಪಾಪ, ಅಕ್ಕನಿಗೆ ವಯಸ್ಸಾಯಿತು ಎಂದುಕೊಂಡಳು. ಮುಂದಿನ ಸೋಮವಾರವೂ ಕೇಳಿಸಿತು. ಅವಳಿಗೆ ನಿದ್ದೆ ಬರದಾಯಿತು. ಗಂಡ ಆಗಲೇ ಬೀದಿಗೆಲ್ಲ ಡಂಗುರ ಹೊಡೆದಿದ್ದ, ಹೊಸ ಸ್ಪೀಕರಿಗೆ ಹೇಳಿಯೂ ಇಟ್ಟಿದ್ದ. ಎಲ್ಲರೂ ಕೂತು ಕೇಳುವಾಗ ತಮ್ಮ ಸಾಲಿನಿಂದಲೇ ಆ ನಡುಕ ಬಂದರೆ?

ಅಭ್ಯಾಸ ಮುಗಿದ ಮೇಲೆ ಅವಳು ಮೇಷ್ಟ್ರನ್ನು ಪಿಯಾನೊ ಹತ್ತಿರ ಹಿಡಿದಳು.

"ಮೇಷ್ಟ್ರೇ, ಹೇಳಬಾರದು, ಆದ್ರೂ ಹೇಳ್ತೀನಿ. ಅಕ್ಕನ ದನಿ ನಡುಗ್ತಿದೆ. ಮೈಕು ನಮ್ಮ ತಲೆ ಮೇಲೇ ಬರುತ್ತಂತೆ."

ಮೇಷ್ಟ್ರು ಕುತ್ತಿಗೆ ಕೆರೆದುಕೊಂಡರು. "ಅವರನ್ನ ಬಿಡೋಕಾಗತ್ತಾಮ್ಮ? ಇಷ್ಟು ವರ್ಷದವರು."

"ಬಿಡೋದು ಬೇಡಪ್ಪ! ಸುಮ್ನೆ ಬಾಯಿ ಆಡಿಸಲಿ. ನೋಡೋರಿಗೂ ಗೊತ್ತಾಗಲ್ಲ, ಅವರಿಗೂ ನೋವಾಗಲ್ಲ."

ಎಷ್ಟು ಕಾಳಜಿ ನೋಡಿ! ಆ ಮಾತನ್ನು ಅವಳು ಅಕ್ಕನ ಒಳ್ಳೆಯದಕ್ಕೇ ಹೇಳಿದೆ ಎಂದು ನಂಬಿದ್ದಳು. ಮನೆಗೆ ಹೋಗುವಾಗ ನರ್ಸಕ್ಕನ ಚೀಲವನ್ನು ಬಸ್ ಸ್ಟಾಪಿನವರೆಗೆ ತಾನೇ ಹೊತ್ತಳು.

ಎರಡು ಸೋಮವಾರ ಕಳೆದವು. ಮೇಷ್ಟ್ರು ಏನೋ ನೆಪ ಹೇಳಿ ಅವರ ಸಾಲಿನ ಬದಿಗೇ ಕುರ್ಚಿ ಎಳೆದುಕೊಂಡು ಕೂತು ಕೇಳಿದರು. ನಡುಕ ಇನ್ನೂ ಇತ್ತು. ಇವರೇಕೆ ಇನ್ನೂ ಅಕ್ಕನಿಗೆ ಹೇಳಿಲ್ಲ ಎಂದು ಕನ್ನಡಕದಮ್ಮ ಒಳಗೊಳಗೇ ಸಿಡುಕಿದಳು. ಅವತ್ತು ಅಭ್ಯಾಸ ಮುಗಿದಾಗ ಮೇಷ್ಟ್ರು ಅವಳನ್ನು ಕೋಟು ನೇತುಹಾಕುವ ಕಾರಿಡಾರಿಗೆ ಕರೆದರು.

"ನೀವು ಹೇಳಿದ್ದು ಸರಿ. ಒಂದು ದನಿ ನಡುಗ್ತಿದೆ."

"ನಾನು ಹೇಳಲಿಲ್ವಾ?"

"ಅದು ನಿಮ್ಮದು ಕಣಮ್ಮ."

ಅವಳು ನಕ್ಕಳು. ಮೇಷ್ಟ್ರು ನಗಲಿಲ್ಲ. ಯಾರದೋ ಕೋಟಿನ ತೋಳನ್ನು ಹಿಡಿದು ನೇರ ಮಾಡುತ್ತ ನಿಂತಿದ್ದರು. "ದಾರಿ ನೀವೇ ಹೇಳಿಕೊಟ್ಟಿದ್ದೀರಿ. ಬಾಯಿ ಆಡಿಸಿ ಸಾಕು. ಬರೋದೇ ಬೇಡ ಅನ್ನಿಸಿದ್ರೂ ನಾನೇನೂ ಅನ್ಕೊಳ್ಳಲ್ಲ."

ಭೂಮಿ ಬಾಯ್ಬಿಟ್ಟರೆ ಇಳಿದುಹೋಗಬೇಕು ಎನ್ನುತ್ತಾರಲ್ಲ, ಆ ಕಾರಿಡಾರಿನ ನೆಲ ಮಾತ್ರ ಗಟ್ಟಿಯಾಗಿಯೇ ಇತ್ತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸಿದ ಹಾಗಾಯಿತು ಅವಳ ಕಥೆ. ಅಲ್ಲಿ ನೊಣವೂ ಇರಲಿಲ್ಲ. ಒಂದೇ ಮಾತು ಹೊರಬಂತು. "ಅಕ್ಕನಿಗೆ... ನಾನು ಹೇಳಿದ್ದು ಅಕ್ಕನಿಗೆ ಗೊತ್ತಾ?"

"ಆ ಮಾತು ಬಿಡಿ" ಎಂದು ಮೇಷ್ಟ್ರು ಒಳಗೆ ಹೋದರು.

ಬಿಡಿ ಎಂದರೆ ಏನು? ಗೊತ್ತು ಎಂದೋ, ಗೊತ್ತಿಲ್ಲ ಎಂದೋ? ಆ ಪ್ರಶ್ನೆ ಗಂಟಲಲ್ಲಿ ಬಿಸಿ ತುಪ್ಪವಾಗಿ ಕೂತಿತು. ಅಂಗಡಿಯಲ್ಲಿ ಗಿರಾಕಿಗಳು "ನನ್ನ ಕಣ್ಣು ಚೆನ್ನಾಗೇ ಇದೆ" ಎಂದಾಗ ಈಗ ಅವಳಿಗೆ ನಗು ಬರುತ್ತಿರಲಿಲ್ಲ. ತಲೆ ತಗ್ಗಿಸಿ ಫ್ರೇಮು ಒರೆಸುತ್ತಿದ್ದಳು. ನರ್ಸಕ್ಕ ಎಂದಿನ ಹಾಗೆಯೇ ಇದ್ದರು, ಬಸ್ಸಿನಲ್ಲಿ ಜಾಗ ಹಿಡಿದು ಕರೆಯುತ್ತಿದ್ದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಹೋಗದೆ ಉಳಿಯೋಣವೆಂದರೆ ಗಂಡ ಮುಂದಿನ ಸಾಲಿನ ಟಿಕೆಟ್ಟು ತಂದು, ಅವಳ ಕಪ್ಪು ಉಡುಪನ್ನು ತಾನೇ ಇಸ್ತ್ರಿ ಮಾಡಿ ಬಾಗಿಲಿಗೆ ತೂಗುಹಾಕಿದ್ದ. ಅವಳು ಹೋದಳು.

ಸಭಾಂಗಣ ಕಿಕ್ಕಿರಿದಿತ್ತು. ಮೈಕುಗಳು ಮೇಲಿನಿಂದ ತೆಳ್ಳನೆಯ ತಂತಿಗಳಲ್ಲಿ ಇಳಿದಿದ್ದವು. ಒಂದಂತೂ ಸರಿಯಾಗಿ ಅವರ ಸಾಲಿನ ನೆತ್ತಿಯ ಮೇಲೆ. ಕಹಳೆಗಳು ಗುಡುಗಿದವು, ಪಿಟೀಲುಗಳು ಅತ್ತವು, ಅವಳಿಗೆ ಯಾವುದೂ ಕಿವಿಗೆ ಇಳಿಯಲಿಲ್ಲ. ಕೊನೆಯ ಭಾಗ ಬಂತು. ಗಂಟೆ ಹೊಡೆದು ಅದರ ಗುಂಯ್‌ಗುಡುವಿಕೆಯೂ ಸತ್ತಿತು. ಆಗ ನರ್ಸಕ್ಕನ ಬೆರಳುಗಳು ಬಂದು ಅವಳ ಮಣಿಕಟ್ಟಿನ ಮೇಲೆ ಕೂತವು. ತಟ್ಟಿದವು, ಒತ್ತಿದವು. ಅವಳು ಉಸಿರು ತೆಗೆದುಕೊಂಡಳು. ಬೆರಳು ಬಿಟ್ಟಿತು.

ಅವಳು ಬಾಯಿ ತೆರೆದಳು, ದನಿ ಬಿಡಲಿಲ್ಲ. ಆಗ ಪಕ್ಕದಿಂದ ಒಂದು ದನಿ ಕೇಳಿಸಿತು. ಹೊಲಿಗೆಗೆ ಎಳೆದ ನೂಲಿನಂತೆ ನೆಟ್ಟಗೆ, ಒಂದು ಗಂಟಿಲ್ಲದೆ, ತಗ್ಗಿನಲ್ಲಿ ಹರಿದು ಹೋಗುತ್ತಿತ್ತು. ಇಪ್ಪತ್ತು ವರ್ಷ ಪಕ್ಕದಲ್ಲಿ ನಿಂತೂ ಅವಳು ನರ್ಸಕ್ಕನ ದನಿಯನ್ನು ಇಷ್ಟು ಸರಿಯಾಗಿ ಕೇಳಿಯೇ ಇರಲಿಲ್ಲ, ಅವಳದೇ ದನಿ ಅಡ್ಡ ಬರುತ್ತಿತ್ತು. ನಾಚಿಕೆಯಿಂದ ಅವಳ ಕಿವಿ, ಕೆನ್ನೆ, ಕುತ್ತಿಗೆ ಎಲ್ಲ ಸುಟ್ಟವು. ಮೀನು ಬಾಯಿ ಬಿಟ್ಟಂತೆ ತುಟಿ ಆಡಿಸುತ್ತ ಕೊನೆಯವರೆಗೂ ಕೂತಳು, ಎಲ್ಲರೂ ಎದ್ದಾಗ ಎದ್ದಳು. ಚಪ್ಪಾಳೆ ಬಿದ್ದಾಗ ಮುಂದಿನ ಸಾಲಿನಲ್ಲಿ ಗಂಡ ಎರಡೂ ಕೈ ಮೇಲೆತ್ತಿ ಅವಳತ್ತಲೇ ನೋಡುತ್ತಿದ್ದ. ನರ್ಸಕ್ಕ ನೀರಿನ ಬಾಟಲಿ ಅವಳ ಕೈಗಿಟ್ಟು, "ಕುಡಿ, ಮುಖ ಕೆಂಪಾಗಿದೆ" ಎಂದರು.

ಕೆಲವು ತಿಂಗಳಿಗೆ ಸಿ.ಡಿ. ಬಂತು. ಭಾನುವಾರ ಮಧ್ಯಾಹ್ನ ಗಂಡ ಎದುರು ಮನೆಯವರನ್ನೂ, ಮೇಲ್ಮಹಡಿಯವರನ್ನೂ, ವ್ಯಾನಿನ ಗೆಳೆಯರನ್ನೂ ಕೂರಿಸಿದ. ಒಳ್ಳೆಯ ಕುರ್ಚಿ ನರ್ಸಕ್ಕನಿಗೆ. ಪಾಪದ ಜನ, ಮೊದಲ ನಾಲ್ಕು ಭಾಗ ತೂಕಡಿಸುತ್ತ, ಕಾಫಿ ಕುಡಿಯುತ್ತ ತಾಳಿಕೊಂಡರು. ಗಂಟೆ ಹೊಡೆದದ್ದೇ ಗಂಡ ಎದ್ದು ನಿಂತ.

"ಶ್‌! ಈಗ ಕೇಳಿ!"

ಮೇಳ ಮೆಲ್ಲಗೆ ಹುಟ್ಟಿತು. ಅದರೊಳಗಿಂದ ಮೈಕಿಗೆ ಹತ್ತಿರವಾಗಿದ್ದ ಒಂದು ತಗ್ಗು ದನಿ, ನೆಟ್ಟಗೆ, ಬೇರೆಯಾಗಿ ಕೇಳಿಸಿತು.

"ಇದೇ! ಇದು ನಮ್ಮನೆಯವಳ ದನಿ! ಎಷ್ಟು ವರ್ಷದಿಂದ ಅಡುಗೆಮನೇಲಿ ಕೇಳ್ತಿದೀನಿ, ನನಗೆ ಗೊತ್ತಾಗಲ್ವಾ? ಏನ್ ನರ್ಸಕ್ಕ, ಹೌದು ತಾನೆ?"

ಕನ್ನಡಕದಮ್ಮ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನರ್ಸಕ್ಕ ಅವಳನ್ನು ಒಮ್ಮೆ ನೋಡಿದರು.

"ಹೌದಪ್ಪ" ಎಂದರು. "ಪಕ್ಕದಲ್ಲೇ ಇದ್ದವಳು ನಾನು. ಅವಳದೇ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಿಗೆ ತಟ್ಟೆ ಕೆಳಗಿಟ್ಟರೆ ಸಾಕಾಗಿತ್ತು. ಬಾಯಿ ತೆರೆದಳು, ಅವತ್ತಿನ ಹಾಗೆಯೇ ಏನೂ ಬರಲಿಲ್ಲ.

ನರ್ಸಕ್ಕ ಹೊರಟಾಗ ಅವಳು ಮೆಟ್ಟಿಲವರೆಗೆ ಬಂದಳು. ಅರ್ಧ ಇಳಿದ ಮೇಲೆ ತಡೆಯಲಾಗಲಿಲ್ಲ.

"ಅಕ್ಕ, ಯಾಕೆ ಹಾಗಂದ್ರಿ? ನಾನು ಹಾಡೇ ಇಲ್ಲ. ಅದೂ ಅಲ್ದೆ, ನಾನು ನಿಮ್ಮ ಬಗ್ಗೆ ಮೇಷ್ಟ್ರ ಹತ್ರ..."

"ಗೊತ್ತು ಕಣೇ" ಎಂದರು ನರ್ಸಕ್ಕ, ಮೆಟ್ಟಿಲ ಕಂಬಿ ಹಿಡಿದು ನಿಂತು. "ಮೇಷ್ಟ್ರು ಮೊದಲು ನನ್ನ ಹತ್ರಾನೇ ಬಂದಿದ್ರು. ಅಳುಮುಖ ಮಾಡ್ಕೊಂಡು ಹೇಳಿದ್ರು. ಸರಿ, ಹಾಗಾದ್ರೆ ಬಾಯಿ ಆಡಿಸ್ತೀನಿ ಅಂದೆ. ಆ ಎರಡು ಸೋಮವಾರ ನಾನು ಒಂದು ಸ್ವರಾನೂ ಹಾಡಲಿಲ್ಲ. ಆದ್ರೂ ನಡುಕ ಕೇಳಿಸ್ತಾನೇ ಇತ್ತಲ್ಲ, ಆಗ ಅವರಿಗೆ ಗೊತ್ತಾಯ್ತು ಯಾರದು ಅಂತ."

ಕನ್ನಡಕದಮ್ಮನಿಗೆ ಆ ಎರಡು ಸೋಮವಾರಗಳು ನೆನಪಾದವು. ಪಕ್ಕದಲ್ಲಿ ದನಿಯೇ ಇಲ್ಲದ ಹೆಂಗಸನ್ನು ಓರೆಗಣ್ಣಲ್ಲಿ ನೋಡುತ್ತ, ಇನ್ನೂ ಎಷ್ಟು ನಡುಗಿಸುತ್ತಾಳಪ್ಪ ಎಂದು ತಾನು ಹಲ್ಲು ಕಚ್ಚಿದ್ದು ನೆನಪಾಯಿತು.

"ನಿನಗೆ ನಾನು ನಿಲ್ಲಿಸಿದ್ದೂ ಗೊತ್ತಾಗಲಿಲ್ಲ" ಎಂದರು ನರ್ಸಕ್ಕ. ಅದರಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಅದೊಂದು ಬೇಜಾರಾಯ್ತು, ಸುಳ್ಳು ಯಾಕೆ ಹೇಳಲಿ."

ಮೇಲೆ ಗಂಡ ಯಾರಿಗೋ ಕೇಳಿಸಲೆಂದು ಅದೇ ಜಾಗವನ್ನು ಮತ್ತೆ ಹಾಕಿದ. ಆ ನೆಟ್ಟಗಿನ ದನಿ ತೆರೆದ ಬಾಗಿಲಿಂದ ಮೆಟ್ಟಿಲಿಳಿದು ಬಂತು. ನರ್ಸಕ್ಕ ತಲೆ ಓರೆ ಮಾಡಿ ಕೊನೆಯವರೆಗೂ ಕೇಳಿದರು.

"ಚೆನ್ನಾಗಿ ಹಾಡಿದೀನಿ, ಅಲ್ವೇನೇ?" ಎಂದರು ಮೆಲ್ಲಗೆ. ಉತ್ತರಕ್ಕೆ ಕಾಯದೆ ಇಳಿದು ಹೋದರು.

ಕನ್ನಡಕದಮ್ಮ ಮೇಲೆ ಹತ್ತಿ ಬಂದಳು. ಗಂಡ ಮೂರನೇ ಸಲ ಹಾಕಲು ಗುಂಡಿಯ ಮೇಲೆ ಬೆರಳಿಟ್ಟಿದ್ದ. ಗೆಳೆಯರು ನಗುತ್ತ ಅವಳಿಗೆ ಜಾಗ ಬಿಟ್ಟರು. ಅವಳು ಕೂರಲಿಲ್ಲ.

"ಅದು ನಂದಲ್ಲ" ಎಂದಳು. "ನರ್ಸಕ್ಕನ ದನಿ ಅದು. ನನ್ನನ್ನ ಹಾಡಬೇಡ ಅಂದಿದ್ರು. ನಾನು ಬರೀ ಬಾಯಿ ಆಡಿಸ್ದೆ."

ಗಂಡನ ಬೆರಳು ಗುಂಡಿಯ ಮೇಲೇ ಉಳಿಯಿತು. ಆ ನಾಲ್ಕು ಮಾತು ಮುಗಿಸುವಷ್ಟರಲ್ಲಿ ಅವಳ ದನಿ ಅದುರಿ ಚೂರಾಗಿತ್ತು, ಅದು ಅವಳ ಕಿವಿಗೇ ಕೇಳಿಸಿತು. ಈ ಸಲ ಅವಳು ಪಕ್ಕಕ್ಕೆ ತಿರುಗಿ ನೋಡಲಿಲ್ಲ.