ಅನುರಾಧಾಳ ಯಂತ್ರಕ್ಕೆ ಅಪ್ಪನ ಸಹಿ

ನನ್ನ ಅಕ್ಕನ ಗಂಡ ಕಲ್ಲಣ್ಣ ಬೆಟಗೇರಿಯ ಮನೆಯಲ್ಲೇ ಎರಡು ಪವರ್‌ಲೂಮ್ ಮಗ್ಗ ಇಟ್ಟುಕೊಂಡವನು. ಸೀರೆಯ ಅಂಚಿನಲ್ಲಿ ಒಂದೆಳೆ ತಪ್ಪಿದರೂ ಊಟ ಬಿಟ್ಟು ಸರಿಮಾಡುವ ಮನುಷ್ಯ. ನಾಲ್ಕು ಮಂದಿ ಏನಂದಾರು ಎಂಬುದೊಂದೇ ಅವನ ಜೀವ ತಿನ್ನುವ ಚಿಂತೆ.

ಮಗ್ಗ ಓಡುವಾಗ ಆ ಮನೆಯಲ್ಲಿ ಕೂಗಿದರೂ ಕೇಳಿಸದು. ಹೀಗಾಗಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಾರೆ. ಚಹಾ ಬೇಕೆಂದರೂ ಸನ್ನೆ, ನೂಲು ಹರಿದರೂ ಸನ್ನೆ. ಅಂಥ ಮನೆಯಲ್ಲಿ ಹುಟ್ಟಿದ ಮಗಳು ಅನುರಾಧಾಳಿಗೆ ನಾಲಿಗೆ ಹೊರಳುವುದಿಲ್ಲ, ಒಂದು ಮಾತೂ ಬರುವುದಿಲ್ಲ ಎಂಬುದು ಹತ್ತೊಂಬತ್ತು ವರ್ಷ ಯಾರಿಗೂ ದೊಡ್ಡ ಕೊರತೆ ಅನ್ನಿಸಲಿಲ್ಲ. ಕೊರತೆ ಇದ್ದದ್ದು ಹೊಸ್ತಿಲ ಹೊರಗೆ. ಅಂಗಡಿಗೆ ಹೋದರೆ ಅವಳ ಸನ್ನೆ ತಿಳಿಯದೆ ಜನ ನಕ್ಕುಬಿಡುತ್ತಿದ್ದರು. ಯಾರಾದರೂ ವಿಚಾರಿಸಿದರೆ ಭಾವ, "ಹುಡುಗಿ ನಾಚಿಗಿ ಸ್ವಭಾವದಾಕಿ, ಮಾತು ಕಡಿಮಿ" ಅನ್ನುತ್ತಿದ್ದ.

ಗದಗಿನ ಒಂದು ಕೇಂದ್ರದಲ್ಲಿ ಅವಳಿಗೆ ಹದಿನೈದು ದಿನ ಒಂದು ಯಂತ್ರ ಬಳಸುವುದನ್ನು ಕಲಿಸಿದರು. ಪರದೆಯ ಮೇಲೆ ಬರೆದದ್ದನ್ನು ಅದು ಗಟ್ಟಿಯಾಗಿ ಹೇಳುತ್ತದೆ. ದಿನಾ ಕರೆದುಕೊಂಡು ಹೋದವನು ನಾನು. ಭಾವ ಒಮ್ಮೆಯೂ ಬರಲಿಲ್ಲ. ಯಂತ್ರ ಇದ್ದರೆ ಕೆಲಸ ಕೊಡುತ್ತೇವೆಂದು ಕೇಂದ್ರದ ಪಕ್ಕದ ಸೀರೆ ಅಂಗಡಿಯವರೊಬ್ಬರು ಹೇಳಿದ್ದರು. ಕೊಳ್ಳುವುದು ನಮ್ಮಿಂದಾಗದ ಮಾತು. ಉಚಿತವಾಗಿ ಕೊಡಿಸುವ ಟ್ರಸ್ಟಿಗೆ ಅರ್ಜಿ ಹಾಕಿದೆವು. ಮನೆಯ ಯಜಮಾನನೇ ಬಂದು ತೊಂದರೆ ಏನೆಂದು ಹೇಳಿ ಸಹಿ ಮಾಡಬೇಕೆಂಬುದು ಅವರ ನಿಯಮ.

ಭಾವ, ಅನುರಾಧಾ, ನಾನು ಮೂವರೂ ಟ್ರಸ್ಟಿನ ಕಚೇರಿಗೆ ಹೋದೆವು. ಟೇಬಲ್ಲಿನ ಆಚೆ ಒಬ್ಬ ಮೇಡಂ. ಪಕ್ಕದಲ್ಲಿ ದಾನಿಗಳ ಪೈಕಿ ಅಂದಾನಪ್ಪ ಸಾಹುಕಾರರು. ಭಾವ ನೇಯ್ದ ಸೀರೆಯೆಲ್ಲ ಹೋಗುವುದು ಅವರ ಅಂಗಡಿಗೇ. ಅವರನ್ನು ಕಂಡದ್ದೇ ಭಾವನ ಮುಖದ ಬಣ್ಣ ಹೋಯಿತು.

"ಹುಡುಗಿಗೆ ಮಾತಿನ ತೊಂದ್ರಿ ಎಷ್ಟೈತ್ರಿ?" ಮೇಡಂ ಕೇಳಿದರು.

"ಅಂಥಾದ್ದೇನಿಲ್ರಿ. ಮನ್ಯಾಗ ಎಲ್ಲಾ ಹೇಳ್ತಾಳ, ನಮಗ ತಿಳಿತೈತಿ" ಅಂದ ಭಾವ.

"ಹಂಗಾದ್ರ ಇದನ್ನ ಬ್ಯಾರೆದವರಿಗೆ ಕೊಡೂಣ್ರಿ. ಭಾಳ ಮಂದಿ ಕಾಯಾಕತ್ತಾರ." ಮೇಡಂ ಅರ್ಜಿ ಮಡಚಿ ಪಕ್ಕಕ್ಕಿಟ್ಟರು.

ಬಾಯಿದ್ದ ನಾನಾದರೂ ಹೇಳಬೇಕಿತ್ತು. ಸಾಹುಕಾರರ ಎದುರು ಭಾವನನ್ನು ಸುಳ್ಳನನ್ನಾಗಿ ಮಾಡುವುದು ಹೇಗೆಂದು ನೆಲ ನೋಡುತ್ತ ಕುಳಿತೆ. ಥೂ, ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ತೋರಿಸಲೆಂದು ಟೇಬಲ್ಲಿನ ಮೇಲಿಟ್ಟಿದ್ದ ಯಂತ್ರವನ್ನು ಅನುರಾಧಾ ಎಳೆದುಕೊಂಡಳು. ಎರಡು ಸಲ ಅಳಿಸಿ ಬರೆದಳು. ಯಂತ್ರ ಶಾಲೆಯ ಕನ್ನಡದಲ್ಲಿ ಕೋಣೆಗೆಲ್ಲ ಕೇಳುವಂತೆ ಹೇಳಿತು: "ನನಗೆ ಮಾತು ಬರುವುದಿಲ್ಲ. ಅಪ್ಪನಿಗೆ ನಾಚಿಕೆ."

ಭಾವ ಸಾಹುಕಾರರ ಕಡೆಗೇ ತಿರುಗಿ, "ಖರೆ ಐತ್ರಿ. ನಾನ ಮುಚ್ಚಿಟ್ಟಿದ್ದೆ" ಅಂದ. ಮೇಡಂ ಅರ್ಜಿ ಬಿಚ್ಚಿ ಅವನ ಮುಂದೆ ಸರಿಸಿದರು. ಅವನು ಪೆನ್ನು ಮುಟ್ಟಲಿಲ್ಲ.

ಯಂತ್ರ ಮತ್ತೆ ಮಾತಾಡಿತು: "ಅಪ್ಪಾ, ಸಹಿ ಮಾಡು."

ಮಗಳು ಅಪ್ಪಾ ಅಂದದ್ದು ಅವನ ಕಿವಿಗೆ ಬಿದ್ದದ್ದು ಅದೇ ಮೊದಲು. ಸಹಿ ಮಾಡಿದ. ಆದರೆ ಬೆಟಗೇರಿ ಮುಟ್ಟುವ ತನಕ ಅವಳ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.